ಅಂಜನಮ್ಮ ಮೈಕು ಹಿಡಿದ ದಿನ

ಜರಗನಹಳ್ಳಿಯಲ್ಲಿ ಅಂಜನಮ್ಮನ ಜೊತೆ ಜಗಳವಾಡಿದವರು ಬೇಕಾದಷ್ಟು ಜನ ಇದ್ದಾರೆ, ರಾಜಿಯಾದವರು ಸಿಗುವುದು ಕಷ್ಟ. ಒಮ್ಮೆ ಊಟದ ಪಂಕ್ತಿಯಲ್ಲಿ ಓರಗಿತ್ತಿ, “ಸೊಪ್ಪು ಮಾರೋಳಿಗೆ ಬೆಳ್ಳಿ ಲೋಟ ಯಾಕವ್ವ?” ಎಂದು ನಕ್ಕಿದ್ದಳು. ಅಂದಿನಿಂದ ಅಂಜನಮ್ಮ ಆ ಮನೆಯಲ್ಲಿ ಒಂದು ತೊಟ್ಟು ನೀರು ಮುಟ್ಟಲಿಲ್ಲ. ಅದೇ ಓರಗಿತ್ತಿಯ ಮಗಳ ಮದುವೆಗೆ ಹೋದಳು, ಚಪ್ಪರದ ಕೆಲಸಕ್ಕೆ ಸೆರಗು ಕಟ್ಟಿ ನಿಂತಳು, ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ ಬಿಕ್ಕಿ ಬಿಕ್ಕಿ ಅತ್ತಳು. ಊಟದ ಹೊತ್ತಿಗೆ ಮಾತ್ರ ಎದ್ದು ತನ್ನ ಮನೆಗೆ ಬಂದು ರಾತ್ರಿಯ ತಂಗಳು ಮುದ್ದೆಯನ್ನೇ ಉಂಡಳು.

“ನಿಮ್ಮವ್ವ ಯಾರನ್ನಾದ್ರೂ ಕ್ಷಮಿಸವ್ಳೆ ಅಂತ ಕೇಳ್ದಾಗ ನಂಗೇಳ್ಲಾ. ಮಾರಮ್ಮನ ಗುಡೀಲಿ ಕಾಯಿ ಒಡೆಸ್ತೀನಿ” ಎಂದು ಗಂಡ ಚಿಕ್ಕಬೈರಪ್ಪ ಮಗ ಮನೋಜನ ಹತ್ತಿರ ಹೇಳುವುದಿತ್ತು.

ಆಕೆ ಕಗ್ಗಲೀಪುರದ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದಾಗ ಇನ್ನೂ ಹುಡುಗಿ. ಆಗ ಇಲ್ಲೆಲ್ಲ ಸೊಪ್ಪಿನ ಮಡಿಗಳು. ಬೆಳಿಗ್ಗೆ ಕೊಯ್ದ ದಂಟು, ಕೀರೆ, ಸಬ್ಬಸಿಗೆಯನ್ನು ಬುಟ್ಟಿಗೆ ತುಂಬಿಕೊಂಡು ಜಯನಗರದ ಬೀದಿಗಳಲ್ಲಿ ಮನೆಮನೆಗೆ ಹೋಗಿ ಮಾರುವುದು ಅತ್ತೆ ವಹಿಸಿದ ಕೆಲಸ. ಬಿಸಿಲಿಗೆ ಆಕೆ ಹೆದರಲಿಲ್ಲ, ಭಾರಕ್ಕೂ ಹೆದರಲಿಲ್ಲ. ಒಂದನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಗೇಟಿನ ಬಳಿ ಸೊಪ್ಪು ಆರಿಸುತ್ತಾ ನಿಂತ ಹೆಂಗಸರು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಏನೋ ಹೇಳಿಕೊಳ್ಳುವರು, ಇವಳ ಕಡೆ ನೋಡುವರು, ಮುಗುಳ್ನಗುವರು. ಬೈದರೋ ಹೊಗಳಿದರೋ ತಿಳಿಯುತ್ತಿರಲಿಲ್ಲ. ಬೈದಿದ್ದು ಗೊತ್ತಾಗಿದ್ದರೆ ತಿರುಗಿ ಬೈಯಬಹುದಿತ್ತು. ಅರ್ಥವಾಗದ ಮಾತಿಗೆ ಏನೆಂದು ತಿರುಗಿ ಹೇಳುವುದು?

ಮಡಿಗಳು ಹೋಗಿ ಸೈಟುಗಳಾದವು, ಸೈಟಿನ ಮೇಲೆ ಮನೆಗಳೆದ್ದವು. ಅಂಜನಮ್ಮ ಬುಟ್ಟಿ ಇಳಿಸಿ ಮೂರಂತಸ್ತಿನ ಕಟ್ಟಡದ ಯಜಮಾನಿಯಾದಳು. ಮನೋಜನಿಗೆ ಮಗಳು ಹುಟ್ಟಿ ಹೇಮಶ್ರೀ ಎಂದು ಹೆಸರಿಟ್ಟಾಗ ಆಕೆ ಸೊಸೆಗೆ ಹೇಳಿದ್ದು ಇಷ್ಟೇ: “ಇವ್ಳಿಗೆ ಇಂಗ್ಲಿಷ್ ಚೆನ್ನಾಗಿ ಬರ್ಬೇಕು ಕಣವ್ವ. ಮೆರೆಯಕ್ಕಲ್ಲ. ನಮ್ಮೆದುರ್ಗೇ ನಮ್ಮನ್ನ ಆಡ್ಕೊಂಡ್ರೆ ಗೊತ್ತಾಗ್ಬೇಕು, ಅಷ್ಟೇಯ.”

ಆದ್ದರಿಂದ ಕೆಳಗಿನ ಹಾಲ್ ಬಾಡಿಗೆಗೆ ಕೇಳಿಕೊಂಡು ಜಯನಗರದಿಂದ ರಮ್ಯ ಬಂದು, ಪುಟ್ಟ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸು ನಡೆಸುತ್ತೇನೆ ಎಂದಾಗ, ಅಂಜನಮ್ಮ ಬೇರೆಯವರನ್ನೆಲ್ಲ ಬಿಟ್ಟು ಆಕೆಗೇ ಕೊಟ್ಟಳು. ರಮ್ಯ ಚುರುಕಿನ ಹೆಣ್ಣು. ನಗುನಗುತ್ತಾ ಮಾತಾಡುವಳು, ಗೋಡೆಗೆಲ್ಲ ಕಾಮನಬಿಲ್ಲು ಬರೆಸಿದಳು. ಉಳಿದ ತಿಂಗಳು ಸಂಜೆ ದೊಡ್ಡ ಮಕ್ಕಳ ಟ್ಯೂಷನ್ ಇರುತ್ತಿತ್ತು; ಏಪ್ರಿಲ್ ಬಂದರೆ ಆ ಹಾಲ್‌ನಿಂದ ಮಕ್ಕಳ ಗದ್ದಲ ಮಹಡಿಯವರೆಗೆ ಕೇಳುತ್ತಿತ್ತು. ಯುಕೆಜಿ ಮುಗಿಸಿದ ಹೇಮಶ್ರೀಯನ್ನೂ ಸೇರಿಸಿದರು.

ಕೋರ್ಸಿನ ಕೊನೆಗೆ ಜೆ.ಪಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ ಮಕ್ಕಳ ಕಾರ್ಯಕ್ರಮ. ಹೇಮಶ್ರೀ ಮೋಡದ ವೇಷ ಹಾಕಿದ್ದಳು. ಹತ್ತಿ ಅಂಟಿಸಿದ ರಟ್ಟನ್ನು ಕೊರಳಿಗೆ ಕಟ್ಟಿಕೊಂಡು ಮುಂದೆ ಬಂದು, “ಐ ಆಮ್ ಎ ಲಿಟಲ್ ಕ್ಲೌಡ್” ಎಂದು ಗಟ್ಟಿಯಾಗಿ ಹೇಳಿದಳು. ಮುಂದಿನ ಸಾಲು ಬರಲಿಲ್ಲ. ಬಾಯಿ ತೆರೆದುಕೊಂಡೇ ನಿಂತಳು. ಆಮೇಲೆ ಮೊದಲ ಸಾಲಿನಲ್ಲಿ ಅಂಜನಮ್ಮನನ್ನು ಕಂಡು, ಮೈಕಿನಲ್ಲೇ, “ಅಜ್ಜೀ, ಮರ್ತೋಯ್ತು!” ಎಂದಳು.

ಇಡೀ ಸಭೆ ನಕ್ಕಿತು. ಅಂಜನಮ್ಮನೂ ನಕ್ಕಳು. ಆ ನಗುವಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಹೇಮಶ್ರೀಯೂ ನಕ್ಕು, ಮೋಡವನ್ನು ಎತ್ತಿ ಹಿಡಿದುಕೊಂಡು ಒಳಗೆ ಓಡಿದಳು.

ಕೆಟ್ಟದ್ದು ಶುರುವಾದದ್ದು ಮುಂದಿನ ವಾರ. ರಮ್ಯ ತನ್ನ ಕ್ಲಾಸಿನ ಜಾಹೀರಾತಿಗೆಂದು ಒಂದು ಪುಟ್ಟ ವಿಡಿಯೋ ಮಾಡಿಸಿ ಮೊಬೈಲುಗಳಿಗೆಲ್ಲ ಹರಿಬಿಟ್ಟಳು. ಮೊದಲು ಹೇಮಶ್ರೀ ಬಾಯಿ ತೆರೆದು ನಿಂತದ್ದು, “ಮರ್ತೋಯ್ತು” ಎಂದದ್ದು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ನಮ್ಮ ಕೋರ್ಸಿಗೆ ಮೊದಲು’ ಎಂದು ಬರಹ, ಹಿಂದೆ ಕತ್ತೆ ಅರಚುವ ಸದ್ದು. ಅದಾದ ಮೇಲೆ ಚಿರಂತ್ ಎಂಬ ಹುಡುಗ ಅದೇ ವೇದಿಕೆಯಲ್ಲಿ ಅರಳು ಹುರಿದಂತೆ ಇಂಗ್ಲಿಷಿನಲ್ಲಿ ಭಾಷಣ ಮಾಡುವುದು. ಅದರ ಮೇಲೆ ‘ಆಮೇಲೆ’.

ಅದು ಎಲ್ಲೆಲ್ಲಿಗೋ ಹೋಯಿತು. ಯಾರೋ ಅದಕ್ಕೆ ತಮಟೆ ಸೇರಿಸಿದರು, ಯಾರೋ ಪರೀಕ್ಷೆಯ ಜೋಕು ಮಾಡಿದರು. ಶಾಲೆ ತೆರೆದಾಗ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಮಶ್ರೀಯ ಹೆಸರು ಗೊತ್ತಿರಲಿಲ್ಲ. ಅವರಿಗೆಲ್ಲ ಅವಳು ‘ಮರ್ತೋಯ್ತು’. ಆಟೋದಿಂದ ಇಳಿದರೆ ಕತ್ತೆಯಂತೆ ಕೂಗುವರು. ಮಗು ಮೊದಲು ಇಂಗ್ಲಿಷ್ ಮಾತು ಬಿಟ್ಟಿತು, ಆಮೇಲೆ ಕ್ಲಾಸಿನಲ್ಲಿ ಮಾತನ್ನೇ ಬಿಟ್ಟಿತು. ಹಾಜರಿ ಕರೆದರೂ ಕೈ ಎತ್ತುವಳೇ ಹೊರತು ಬಾಯಿ ಬಿಡಳು.

ಸೊಸೆ ಕೆಳಗೆ ಹೋಗಿ ವಿಡಿಯೋ ತೆಗೆಯಿರಿ ಎಂದು ಕೇಳಿಕೊಂಡಳು. ಅಂಜನಮ್ಮ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

“ಅಯ್ಯೋ, ಅದು ಎಷ್ಟು ಕ್ಯೂಟ್ ಆಗಿದೆ! ನಿಮ್ಮ ಮಗಳು ಸ್ಟಾರ್ ಆಗ್ಬಿಟ್ಟಿದ್ದಾಳೆ” ಎಂದಳು ರಮ್ಯ. “ಮತ್ತೆ, ಒಂದ್ಸಲ ಹೊರಗೆ ಹೋದ್ಮೇಲೆ ಅದು ನಮ್ಮ ಕೈಲಿ ಇರಲ್ಲ ಅಲ್ವಾ? ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ. ಮನೇಲಿ ಅವಳನ್ನ ಅಜ್ಜಿ ಹತ್ರ ಜಾಸ್ತಿ ಬಿಡ್ಬೇಡಿ. ಆ ಹಳ್ಳಿ ಮಾತು ನಾಲಿಗೆಗೆ ಅಂಟ್ಕೊಂಡ್ರೆ ಹೋಗೋದೇ ಇಲ್ಲ.”

ಅಂಜನಮ್ಮ ಸದ್ದಿಲ್ಲದೆ ಮೇಲೆ ಹತ್ತಿದಳು. ಈ ಸಲ ಮಾತು ಅರ್ಥವಾಗಿತ್ತು.

ಮನೋಜ ಕೂಗಾಡಿದ. “ನಾಳೆನೇ ಖಾಲಿ ಮಾಡಿಸ್ತೀನಿ. ನಮ್ ಬಿಲ್ಡಿಂಗಲ್ಲೇ ಇದ್ಕೊಂಡು ನಮ್ ಮಗೂನೇ ಆಡ್ಕೊತಾಳಾ?”

“ಬ್ಯಾಡ” ಎಂದಳು ಅಂಜನಮ್ಮ. “ಖಾಲಿ ಮಾಡ್ಸುದ್ರೆ ಇನ್ನೊಂದು ಬೀದಿಗೆ ಹೋಯ್ತಾಳೆ. ನಮ್ ಮಗೂನ ಯಾರೆದ್ರುಗೆ ನಗಿಸ್ದ್ಲೋ ಅವರೆದ್ರುಗೇ ಅವ್ಳು ನಿಂತ್ಕೋಬೇಕು. ಬಾಯ್ ಬುಟ್ಕಂಡು ನಿಂತ್ಕೋಬೇಕು. ನೀನು ಸುಮ್ಕಿರು.”

ಅಂದಿನಿಂದ ಆಕೆ ರಮ್ಯಳ ಜೊತೆ ಬೆಣ್ಣೆಯಂತಾದಳು. ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆಯ ಸಾರು ಕೆಳಗೆ ಹೋಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲ, ಯುಗಾದಿಗೆ ಒಬ್ಬಟ್ಟು. ನೀರಿನ ಟ್ಯಾಂಕರ್ ಬಾರದ ದಿನ ತನ್ನ ಮನೆಯ ಬಿಂದಿಗೆಯನ್ನೇ ಕಳಿಸಿದಳು. “ಆಂಟಿ, ನೀವು ನನ್ನ ಅಮ್ಮನ ತರಹ” ಎಂದು ರಮ್ಯ ಕೈಹಿಡಿದು ಹೇಳಿದಾಗ ಅಂಜನಮ್ಮ ನಕ್ಕು ತಲೆಯಾಡಿಸಿದಳು. ಮೇಲೆ ಬಂದು ಕೈ ತೊಳೆದುಕೊಂಡಳು. ಇದನ್ನೆಲ್ಲ ನೋಡುತ್ತಿದ್ದ ಚಿಕ್ಕಬೈರಪ್ಪನಿಗೆ ಒಬ್ಬಟ್ಟು ರುಚಿಸುತ್ತಿರಲಿಲ್ಲ. ಜಗಳವಾಡುವ ಹೆಂಡತಿಯನ್ನು ಆತ ಬಲ್ಲ. ಈ ಮೆತ್ತನೆಯ ಹೆಂಗಸು ಯಾರೆಂದು ಅವನಿಗೆ ತಿಳಿಯದು.

ಏನು ಮಾಡಬೇಕೆಂದು ಅಂಜನಮ್ಮನಿಗೂ ಇನ್ನೂ ಗೊತ್ತಿರಲಿಲ್ಲ. ದಾರಿ ತಾನಾಗಿ ಅಡುಗೆಮನೆಗೆ ನಡೆದು ಬಂತು.

ಮರುವರ್ಷದ ಬೇಸಿಗೆಯಲ್ಲಿ ರಮ್ಯ ಅದೇ ಚಿರಂತ್‌ನನ್ನು ಮತ್ತೆ ಕರೆತಂದಳು. ಎಂಟು ವರ್ಷದ ಹುಡುಗ, ದಪ್ಪ ಕನ್ನಡಕ. ಪುಟ್ಟ ಮಕ್ಕಳ ಪಾಠ ನಡೆಯುವಾಗ ಅವನಿಗೆ ಬೇಜಾರು, ಮೆಟ್ಟಿಲ ಮೇಲೆ ಒಬ್ಬನೇ ಕೂತಿರುತ್ತಿದ್ದ. ಒಂದು ದಿನ ಅಂಜನಮ್ಮ ಮೇಲೆ ಕರೆದು ಅಕ್ಕಿರೊಟ್ಟಿ ಹಾಕಿಕೊಟ್ಟಳು. ಅವನು ತಿಂದು, ಮೆಲ್ಲಗೆ ಜೋಡಿಸಿ ಜೋಡಿಸಿ ಹೇಳಿದ: “ಚೆನ್ನಾಗಿ ಇದೆ. ಪುಣೆಯಲ್ಲಿ ಇದು ಸಿಗೋದು ಇಲ್ಲ.”

“ಪುಣೆನಾ? ನೀನು ಇಲ್ಲೀವನಲ್ವಾ?”

“ಇಲ್ಲ. ಅಲ್ಲಿ ಮನೆಯಲ್ಲಿ ನಾವು ಇಂಗ್ಲಿಷ್ ಮಾತ್ರ ಮಾತಾಡೋದು. ರಜೆ ಇದ್ದಾಗ ಅಜ್ಜಿ ಮನೆಗೆ ಬರ್ತೀನಿ. ರಮ್ಯ ಚಿಕ್ಕಿ ಇದಾರಲ್ಲ, ಅವರ ಅಕ್ಕ ನನ್ನ ಅಮ್ಮ.” ಆಮೇಲೆ ನಾಲಿಗೆ ಕಚ್ಚಿಕೊಂಡ. “ಇಲ್ಲಿ ಚಿಕ್ಕಿ ಅನ್ನಬಾರದು. ಮಿಸ್ ಅನ್ನಬೇಕು.”

ಅಂಜನಮ್ಮ ಬೇಯಿಸುತ್ತಿದ್ದ ರೊಟ್ಟಿ ಕಾವಲಿಯ ಮೇಲೆಯೇ ಸೀದುಹೋಯಿತು. ಈ ಹುಡುಗ ಆ ಕ್ಲಾಸಿನಲ್ಲಿ ಒಂದು ದಿನವೂ ಓದಿದವನಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಬೆಳೆದವನು. ‘ಆಮೇಲೆ’ ಎಂದು ತೋರಿಸಿದ್ದೆಲ್ಲ ಸುಳ್ಳು. ತನ್ನ ಮೊಮ್ಮಗಳನ್ನು ಕತ್ತೆಯ ಪಕ್ಕ ನಿಲ್ಲಿಸಿದ್ದು ಈ ಸುಳ್ಳಿಗೆ ಮೆರುಗು ಕೊಡಲು.

ಹುಡುಗ ದಿನಾ ಬರತೊಡಗಿದ. ಅವನಿಗೆ ಆ ವಿಡಿಯೋ ವಿಷಯ ಗೊತ್ತಿರಲಿಲ್ಲ. ಅವನ ಕನ್ನಡ ಕುಂಟುತ್ತಿತ್ತು, ಹೇಮಶ್ರೀ ತಿದ್ದುತ್ತಿದ್ದಳು. “ಇದ್ದಿತ್ತು ಅಲ್ಲ ಕಣೋ, ಇತ್ತು.” ವರ್ಷದಿಂದ ಹೊರಗಿನವರ ಹತ್ತಿರ ಬಾಯಿಬಿಡದ ಹುಡುಗಿ ಅವನ ಹತ್ತಿರ ಮಾತ್ರ ಹರಟುತ್ತಿದ್ದಳು. ಇಬ್ಬರೂ ಟೆರೇಸಿನ ಮೇಲೆ ಒಣಗಿಸಿದ ಹಪ್ಪಳವನ್ನು ಕಾಗೆಯಿಂದ ಕಾಯುವ ನೆವದಲ್ಲಿ ತಾವೇ ತಿಂದು ಮುಗಿಸುತ್ತಿದ್ದರು. ಅಂಜನಮ್ಮನಿಗೆ ಅದನ್ನು ಕಂಡು ಸಂತೋಷವೇ ಆಗುತ್ತಿತ್ತು. ಆದರೆ ಮನಸ್ಸಿನಲ್ಲಿ ಇನ್ನೊಂದು ಒಲೆ ಉರಿಯುತ್ತಲೇ ಇತ್ತು.

ಆ ವರ್ಷದ ಕಾರ್ಯಕ್ರಮಕ್ಕೆ ರಮ್ಯ ಅಂಜನಮ್ಮನನ್ನೇ ಮುಖ್ಯ ಅತಿಥಿಯಾಗಿ ಕರೆದಳು. ಮೊದಲ ಮಹಡಿಯೂ ತನ್ನ ಕ್ಲಾಸಿಗೆ ಸಿಗಲಿ ಎಂಬ ಆಸೆ ಅವಳಿಗೆ.

“ಒಪ್ಕಂಡ್ಯಾ?” ಎಂದ ಚಿಕ್ಕಬೈರಪ್ಪ, ನಂಬಲಾಗದೆ.

“ಹೂಂ. ಮದುವೆ ರೇಷ್ಮೆ ಸೀರೆ ಇಸ್ತ್ರಿಗೆ ಕೊಡು.”

“ಏನೋ ಐತೆ ನಿನ್ ತಲೇಲಿ. ಮಕ್ಳು ಆಡೋ ಜಾಗ ಕಣೆ ಅದು.”

“ನನ್ ಮೊಮ್ಮಗ್ಳೂ ಮಗುನೇಯ” ಎಂದಳು ಆಕೆ.

ಯೋಚಿಸಿ ಇಟ್ಟುಕೊಂಡದ್ದು ಸರಳವಾಗಿತ್ತು. ಹುಡುಗನನ್ನು ವೇದಿಕೆಗೆ ಕರೆಯುವುದು, ಎಲ್ಲರೆದುರು ಕೇಳುವುದು: ನೀನು ಇಲ್ಲಿ ಯಾವಾಗ ಓದಿದೆ? ಮಗು ಸುಳ್ಳು ಹೇಳುವುದಿಲ್ಲ. ಹೇಳಿದರೂ ತೊದಲುತ್ತದೆ. ಅಷ್ಟು ಸಾಕು.

ಕಲ್ಯಾಣ ಮಂಟಪ ತುಂಬಿತ್ತು. ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು, ಎಲ್ಲರ ಕೈಯಲ್ಲೂ ಮೊಬೈಲು. ಪುಟ್ಟ ಮಕ್ಕಳು ತರಕಾರಿಗಳಾಗಿದ್ದರು. ಬದನೆಕಾಯಿಯಾದ ಹುಡುಗನಿಗೆ ಬಾತ್‌ರೂಮಿಗೆ ಹೋಗಬೇಕಾಗಿ ಅವನು ಪಕ್ಕದ ಟೊಮೆಟೊ ಕಿವಿಯಲ್ಲಿ ಹೇಳಿದ, ಟೊಮೆಟೊ ಅದನ್ನು ಮೈಕಿನಲ್ಲಿ ಹೇಳಿತು. ಎಲ್ಲರೂ ನಕ್ಕರು. ವೇದಿಕೆಯ ಬದಿಯ ದೊಡ್ಡ ಕುರ್ಚಿಯಲ್ಲಿ ಕೂತಿದ್ದ ಅಂಜನಮ್ಮನಿಗೂ ತುಟಿ ಸಡಿಲವಾಯಿತು. ಮೂರನೇ ಸಾಲಿನಲ್ಲಿ ಹೇಮಶ್ರೀ ತಾತನ ಪಕ್ಕ ಕೂತಿದ್ದಳು. ವೇಷ ಹಾಕಲು ಅವಳು ಒಪ್ಪಿರಲಿಲ್ಲ, ಚಿರಂತ್ ಕರೆದನೆಂದು ನೋಡಲು ಮಾತ್ರ ಬಂದಿದ್ದಳು.

ಆಗ ದೀಪ ಆರಿತು. ಹಿಂದಿನ ದೊಡ್ಡ ಪರದೆಯ ಮೇಲೆ ಮೋಡದ ರಟ್ಟು ಕಟ್ಟಿಕೊಂಡ ಹೇಮಶ್ರೀ ಮೂಡಿದಳು. “ಅಜ್ಜೀ, ಮರ್ತೋಯ್ತು!” ಕತ್ತೆ ಅರಚಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕತ್ತಲಲ್ಲೂ ಅಂಜನಮ್ಮನಿಗೆ ಕಂಡಿತು. ಮೊಮ್ಮಗಳು ತಾತನ ಟವೆಲಿನೊಳಗೆ ಮುಖ ಹುದುಗಿಸಿದಳು. ರಮ್ಯ ಮಾತ್ರ ಅಂಜನಮ್ಮನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದಳು, ಮುಖ್ಯ ಅತಿಥಿಗೆ ಮರ್ಯಾದೆ ಮಾಡಿದವಳಂತೆ.

ಪರದೆಯ ಮೇಲೆ ‘ಆಮೇಲೆ’ ಬಂತು, ದೀಪ ಹತ್ತಿ ಚಿರಂತ್ ತಾನೇ ವೇದಿಕೆಗೆ ಬಂದು ಭಾಷಣ ಮಾಡಿದ, ಚಪ್ಪಾಳೆ ಆಯಿತು. ಮುಖ್ಯ ಅತಿಥಿಗಳ ಎರಡು ಮಾತು ಎಂದರು. ಅಂಜನಮ್ಮ ಮೈಕು ಹಿಡಿದಳು.

“ಎಲ್ಲರ್ಗೂ ನಮಸ್ಕಾರ. ನಂಗೆ ಇಂಗ್ಲಿಷ್ ಬರಲ್ಲ. ಈ ಮಗು ಚೆನ್ನಾಗಿ ಮಾತಾಡ್ತು. ಬಾಪ್ಪ ಚಿರಂತು, ಇಲ್ಲಿ ಬಾ.”

ಹುಡುಗ ಓಡಿ ಬಂದ. ಬಂದವನು ಅವಳ ಸೆರಗಿನ ತುದಿ ಹಿಡಿದುಕೊಂಡು, ಮೈಕಿಗೆ ಕೇಳದಂತೆ ಪಿಸುಗುಟ್ಟಿದ: “ಅಜ್ಜಿ, ನನಗೆ ತುಂಬ ಭಯ ಇತ್ತು. ಇದ್ದಿತ್ತು ಅಲ್ಲ, ಇತ್ತು. ಸರಿ ಹೇಳಿದೆ ಅಲ್ವಾ?”

ಅವನು ಸೆರಗು ಬಿಡಲಿಲ್ಲ. ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಅಲ್ಲೇ ನಿಂತಿತು. ಕೇಳಿದರೆ ಈ ಮಗುವೂ ಬಾಯಿ ತೆರೆದುಕೊಂಡು ನಿಲ್ಲುತ್ತದೆ, ಆ ಮೊಬೈಲುಗಳೆಲ್ಲ ಇವನ ಕಡೆ ತಿರುಗುತ್ತವೆ.

“ಸರಿಯಾಗಿ ಹೇಳ್ದೆ ಕಂದ. ಹೋಗು, ಹೇಮಾ ಪಕ್ಕ ಕೂತ್ಕೊ ಹೋಗು” ಎಂದು ಬೆನ್ನು ತಟ್ಟಿ ಕಳಿಸಿದಳು. ಅವನು ಹೋಗಿ ಕೂರುವವರೆಗೆ ಕಾದಳು. ಸಭೆ ಚಪ್ಪಾಳೆ ತಟ್ಟಿತು, ಮಾತು ಮುಗಿಯಿತೆಂದುಕೊಂಡಿತು.

“ರಮ್ಯ ಮೇಡಂ, ನೀವ್ ಬನ್ನಿ.”

ಶಾಲು ಹೊದಿಸುತ್ತಾರೆಂದುಕೊಂಡು ರಮ್ಯ ಕೂದಲು ಸರಿಮಾಡಿಕೊಂಡು ಬಂದು ನಿಂತಳು.

“ಪರ್ದೆ ಮೇಲೆ ಎರಡು ಮಕ್ಳನ್ನ ತೋರ್ಸಿದ್ರಿ. ಮೊದ್ಲು ಅಂತ ತೋರ್ಸಿದ್ರಲ್ಲ, ಅವ್ಳು ನನ್ ಮೊಮ್ಮಗ್ಳು. ಹೇಮಶ್ರೀ ಅಂತ. ನೀವು ಅವ್ಳ ಹಿಂದೆ ಕತ್ತೆ ಕೂಗಿಸಿದ್ಮೇಲೆ ಅವ್ಳು ಸ್ಕೂಲಲ್ಲಿ ಬಾಯ್ ಬುಟ್ಟಿಲ್ಲ.”

ಜನ ಕತ್ತು ತಿರುಗಿಸಿ ಹೇಮಶ್ರೀಯನ್ನು ಹುಡುಕಿದರು.

“ಆಮೇಲೆ ಅಂತ ತೋರ್ಸಿದ್ರಲ್ಲ, ಆ ಹುಡುಗ ನಿಮ್ ಕ್ಲಾಸಿಗೆ ಸೇರಿದ್ದು ಯಾವಾಗ ಮೇಡಂ?”

“ಆಂಟಿ...” ರಮ್ಯ ಮೈಕಿನಿಂದ ಮುಖ ತಿರುಗಿಸಿ ಮೆಲ್ಲಗೆ ಹೇಳಿದಳು, “ಆಮೇಲೆ ಮಾತಾಡೋಣ, ಪ್ಲೀಸ್.”

“ಈವಾಗ್ಲೇ ಹೇಳಿ. ಕನ್ನಡದಾಗೆ ಹೇಳಿ, ಇಂಗ್ಲಿಷಲ್ಲಿ ಹೇಳಿ, ಇವರ್ಗೆಲ್ಲ ಎರಡೂ ಬರ್ತದೆ.” ಮೈಕನ್ನು ಅವಳ ಬಾಯಿಗೆ ಹಿಡಿದಳು.

“ಆಕ್ಚುಯಲಿ... ಹಿ ಈಸ್... ಅಂದ್ರೆ, ಅವನು...” ರಮ್ಯಳ ಬಾಯಿ ತೆರೆದೇ ಇತ್ತು.

ಮೊಬೈಲುಗಳು ಒಂದೊಂದಾಗಿ ಮೇಲೆದ್ದವು. ಅಂಜನಮ್ಮ ಅವಸರ ಮಾಡಲಿಲ್ಲ. ಎಲ್ಲವೂ ಏಳಲಿ ಎಂದು ಕಾದಳು.

“ಯಾಕೆ ಮೇಡಂ? ಮರ್ತೋಯ್ತಾ?”

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಆ ನಗು ಸಾಲಿನಿಂದ ಸಾಲಿಗೆ ಹರಿದು ಮುಂದೆ ಬಂತು. ಗೌರೀಶಂಕರ ಎಂಬ ತಂದೆಯೊಬ್ಬ ಎದ್ದು ನಿಂತು, “ಮೇಡಂ, ಆ ವಿಡಿಯೋ ನೋಡ್ಕೊಂಡೇ ನಾನು ಮಗಳನ್ನ ಸೇರಿಸಿದ್ದು. ಉತ್ತರ ಹೇಳಿ” ಎಂದ.

“ಅವ್ರು ಹೇಳಲ್ಲ ಸಾರ್, ನಾನೇ ಹೇಳ್ತೀನಿ” ಎಂದಳು ಅಂಜನಮ್ಮ. “ಅವ್ನು ಇವರ ಅಕ್ಕನ ಮಗ. ಪುಣೇಲಿ ಇರೋನು. ಇವರ ಹತ್ರ ಒಂದಕ್ಷರ ಕಲ್ತಿಲ್ಲ.”

ಮೈಕನ್ನು ರಮ್ಯಳ ಕೈಗೇ ಕೊಟ್ಟು ಬಂದು ಕುರ್ಚಿಯಲ್ಲಿ ಕೂತಳು. ಒಂದು ವರ್ಷದಿಂದ ಎದೆಯಲ್ಲಿ ಕೂತಿದ್ದ ಕೆಂಡದ ಮೇಲೆ ನೀರು ಸುರಿದಂತಾಯಿತು. ಸುಖ ಅಂದರೆ ಸುಖವೇ. ಅದನ್ನು ಆಕೆ ಯಾವತ್ತೂ ಮುಚ್ಚಿಟ್ಟಿಲ್ಲ.

ರಮ್ಯ ಅಲ್ಲೇ ನಿಂತು ಅತ್ತಳು. ಮೇಡಂ ಅಳುವುದನ್ನು ಕಂಡು ಬದನೆಕಾಯಿ ಅಳಲು ಶುರು ಮಾಡಿದ, ಅವನ ಹಿಂದೆ ಬೆಂಡೆಕಾಯಿ, ಈರುಳ್ಳಿ. ಗದ್ದಲದ ನಡುವೆ ಮೂರನೇ ಸಾಲಿನಿಂದ ಚಿರಂತ್ ಎದ್ದು ಓಡಿ ಬಂದು ಚಿಕ್ಕಿಯ ಸೊಂಟ ತಬ್ಬಿಕೊಂಡ. ಅಲ್ಲಿಂದ ತಿರುಗಿ ಅಂಜನಮ್ಮನನ್ನು ನೋಡಿದ. ಆ ನೋಟ ತಪ್ಪಿಸಲು ಆಕೆ ಸೆರಗು ಸರಿಮಾಡಿಕೊಂಡಳು.

ರಮ್ಯ ಬಾಯಿ ತೆರೆದು ನಿಂತ ವಿಡಿಯೋ ಹೊರಗೆ ಹೋಯಿತು. ಮನೋಜನೇ ಕಳಿಸಿದ, ಬೇರೆಯವರೂ ಕಳಿಸಿದರು. ರಮ್ಯ ಫೋನ್ ಮಾಡಿ, “ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ತೆಗೆಸಿ” ಎಂದಳು.

“ಒಂದ್ಸಲ ಹೊರಗೆ ಹೋದ್ಮೇಲೆ ನಮ್ಮ ಕೈಲಿ ಇರಲ್ಲ ಮೇಡಂ” ಎಂದು ಅಂಜನಮ್ಮ ಫೋನ್ ಇಟ್ಟಳು.

ಕ್ಲಾಸು ಮುಚ್ಚಿತು. ಕೀಲಿ ಕೊಡಲು ರಮ್ಯ ಬರಲಿಲ್ಲ, ಯಾರ ಕೈಯಲ್ಲೋ ಕಳಿಸಿದಳು. ಅಂಜನಮ್ಮ ಹಾಲ್ ತೊಳೆಸಿ ಕಾಮನಬಿಲ್ಲಿನ ಮೇಲೆ ಸುಣ್ಣ ಹೊಡೆಸಿದಳು.

ಆದರೆ ಹೇಮಶ್ರೀ ದಿನಾ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಬಂದು ಕೇಳಿದಳು: “ಚಿರಂತ್ ಯಾಕೆ ಬರಲ್ಲ?”

“ಅವ್ರ ಚಿಕ್ಕಿ ಕ್ಲಾಸು ಮುಚ್ಚೋಯ್ತಲ್ಲ ಮಗ.”

“ನೀನು ಮುಚ್ಚಿಸ್ದೆ. ನೀನು ಅವ್ರನ್ನ ಅಳಿಸ್ದೆ.”

“ಅವ್ಳು ನಿನ್ನ ಅಳಿಸಿರ್ಲಿಲ್ವೇನೆ?”

“ಚಿರಂತ್ ಅಳಿಸಿರ್ಲಿಲ್ಲ!” ಮಗು ಕಿರುಚಿತು. “ಅವ್ನು ಅರ್ಧ ಚಾಕ್ಲೇಟ್ ಕೊಟ್ಟಿದ್ದ. ಇನ್ನರ್ಧ ಪ್ರೋಗ್ರಾಂ ಆದ್ಮೇಲೆ ಅಂದಿದ್ದ!” ಬೀದಿಯವರೆಗೆ ಕೇಳುವಂತೆ ಕೂಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಅಜ್ಜಿ ಕಲಸಿಟ್ಟ ಮೊಸರನ್ನ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಅಮ್ಮ ತಿನಿಸಿದರೆ ತಿನ್ನುವಳು, ತಾತ ಕೊಟ್ಟರೆ ತೆಗೆದುಕೊಳ್ಳುವಳು, ಅಜ್ಜಿ ನೀಡಿದರೆ ಕೈ ಹಿಂದಕ್ಕೆ. ಚಿಕ್ಕಬೈರಪ್ಪ ಮೊದಲು ನಕ್ಕ, ವಾರ ಕಳೆದ ಮೇಲೆ ನಗಲಿಲ್ಲ.

ಕೊನೆಗೆ ಅಂಜನಮ್ಮ ಒಂದು ಭಾನುವಾರ ಮೊಮ್ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಜಯನಗರಕ್ಕೆ ಹೋದಳು. ಗೇಟಿನ ಹತ್ತಿರ ಬಂದದ್ದು ರಮ್ಯಳ ತಾಯಿ ಅಲಮೇಲು.

“ಒಳಗೆ ಬನ್ನಿ ಅನ್ನೋಕೆ ನನಗೆ ಮನಸ್ಸು ಬರ್ತಾ ಇಲ್ಲ” ಎಂದರು ಆಕೆ. “ನನ್ನ ಮಗಳು ಮನೆಯಿಂದ ಆಚೆ ಹೋಗಿ ಎಷ್ಟು ದಿನ ಆಯ್ತು ಗೊತ್ತಾ?”

“ಗೊತ್ತವ್ವ. ಅವ್ರಿಗೆ ಮಾಡಿದ್ದುಕ್ಕೆ ತಪ್ಪಾಯ್ತು ಅನ್ನಕ್ಕೆ ಬಂದಿಲ್ಲ ನಾನು. ನಾಳೆ ಮಾಡು ಅಂದ್ರೂ ಮಾಡ್ತೀನಿ.” ಅಂಜನಮ್ಮ ಗೇಟಿನ ಸರಳು ಹಿಡಿದಳು. “ಆ ಹುಡುಗನ್ನ ಇದ್ರೊಳಕ್ಕೆ ಎಳೀಬಾರ್ದು ಅಂತ ವಾಪಸ್ ಕಳ್ಸಿದ್ದೆ. ಕೊನೇಗೆ ಅವ್ನಿಗೂ ತಗುಲ್ತು. ಈ ಮಗು ಅವನ್ನ ಕೇಳ್ತದೆ.”

ಅಲಮೇಲು ಹೇಮಶ್ರೀಯನ್ನು ನೋಡಿದರು. “ಅವನು ಪುಣೆಗೆ ಹೋದ” ಎಂದರು. ಆಮೇಲೆ ಒಳಗೆ ಹೋಗಿ ಮೊಬೈಲ್ ತಂದು, ಪುಣೆಗೆ ವಿಡಿಯೋ ಕಾಲ್ ಹಚ್ಚಿ, ಗೇಟಿನ ಸಂದಿಯಲ್ಲಿ ಮಗುವಿನ ಕೈಗೆ ಕೊಟ್ಟರು. ಗೇಟು ತೆರೆಯಲಿಲ್ಲ. ಕಿಟಕಿಯ ಪರದೆಯ ಹಿಂದೆ ಯಾರೋ ಬಂದು ನಿಂತದ್ದು ಅಂಜನಮ್ಮನಿಗೆ ಕಂಡಿತು. ಆಕೆ ಆ ಕಡೆ ನೋಡಲಿಲ್ಲ, ಮುಖವನ್ನು ಕೆಳಗೂ ಹಾಕಲಿಲ್ಲ.

ಮಕ್ಕಳು ಮಾತಾಡಿದರು. ಮೊದಲು ಕನ್ನಡದಲ್ಲಿ, ಆಮೇಲೆ ಅರ್ಧ ಇಂಗ್ಲಿಷಿನಲ್ಲಿ. ಚಾಕ್ಲೇಟಿನ ಅರ್ಧವನ್ನು ತಾನೇ ತಿಂದುಬಿಟ್ಟೆ ಎಂದು ಚಿರಂತ್ ಒಪ್ಪಿಕೊಂಡ. ಹೇಮಶ್ರೀ ನಕ್ಕಳು.

ವಾಪಸು ಬರುವ ಆಟೋದಲ್ಲಿ ಹೇಮಶ್ರೀ ಅಜ್ಜಿಯ ಕಡೆ ಬೆನ್ನು ಹಾಕಿ ಕೂತಳು. ಅಜ್ಜಿಯ ಜೊತೆ ಇನ್ನೂ ಮಾತಿಲ್ಲ. ಆದರೆ ಮುಂದಕ್ಕೆ ಬಾಗಿ ಆಟೋದವನಿಗೆ ಹೇಳತೊಡಗಿದಳು: “ಅಂಕಲ್, ನನ್ನ ಫ್ರೆಂಡಿಗೆ ಮುಂದಿನ ಹಲ್ಲು ಬಿದ್ದೋಗಿದೆ ಗೊತ್ತಾ? ಅವ್ನು ಪುಣೇಲಿ ಇರೋದು. ದಸರಾಗೆ ಬರ್ತಾನಂತೆ...” ಸಾರಕ್ಕಿ ಸಿಗ್ನಲ್ ದಾಟುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಅಂಜನಮ್ಮ ಕಂಬಿ ಹಿಡಿದುಕೊಂಡು, ನಡುವೆ ಬಾಯಿ ಹಾಕದೆ, ಕೇಳುತ್ತಾ ಕೂತಿದ್ದಳು.